ಹಿಂದಿನ ಹಲಗೆಯ ತಂಪುಪೆಟ್ಟಿಗೆ

ಏಪ್ರಿಲ್ ೩, ಗುರುವಾರ

ಬೆಳಗಿನ ಸಕ್ಕರೆ ಹೆಚ್ಚು. ಇನ್ಸುಲಿನ್ ಚುಚ್ಚಿಕೊಂಡೆ. ಒಂದು ರೊಟ್ಟಿ, ಬೇಳೆ.

ದಿನಾ ಬರೆದಿಡು ಎಂದು ದವಾಖಾನೆಯ ಡಾಕ್ಟರಬಾಯಿ ಹೇಳಿದ್ದು ಇಷ್ಟನ್ನೇ. ಕೆಳಗೆ ಹಾಳೆ ಖಾಲಿ ಉಳಿಯುತ್ತದೆ. ಖಾಲಿ ಹಾಳೆ ನೋಡಿದರೆ ಯಾರೋ ಮಾತಾಡಲು ಬಂದು ಸುಮ್ಮನೆ ಕೂತ ಹಾಗೆ ಅನ್ನಿಸುತ್ತದೆ. ಮನೆಯಲ್ಲಿ ಸುಮ್ಮನೆ ಕೂರುವವರು ಈಗಾಗಲೇ ಒಬ್ಬರಿದ್ದಾರೆ.

ಇವರು ಬೆಳಿಗ್ಗೆ ಚಹಾ ಕುಡಿದು ಹೋಗಿ ಲಾರಿಯಲ್ಲಿ ಕೂರುತ್ತಾರೆ. ಲಾರಿ ಎಲ್ಲಿಗೂ ಹೋಗುವುದಿಲ್ಲ. ಸ್ಟೇರಿಂಗಿನ ಮೇಲೆ ಕೈ ಇಟ್ಟು ಎದುರಿನ ಕಾರಖಾನೆಯ ಗೋಡೆ ನೋಡುತ್ತಾರೆ. ಮಧ್ಯಾಹ್ನ ಇಳಿದು ಬಂದು, ದೂರದ ಊರಿನಿಂದ ಬಂದವರ ಹಾಗೆ ಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಾರೆ. ಇವರು ಅಂದರೆ ನನ್ನ ಗಂಡ, ಶಂಕ್ರೆಪ್ಪ. ಬಾಯಿಂದ ಹೆಸರು ಹೇಳುವುದಿಲ್ಲ, ಬರೆದರೆ ದೋಷವಿಲ್ಲ.

ಕಾಶಪ್ಪಣ್ಣ ಹೋಗಿ ತಿಂಗಳಾಗುತ್ತ ಬಂತು. ಅವನೂ ಇವರೂ ಸರದಿಯ ಮೇಲೆ ಇದೇ ಲಾರಿ ಓಡಿಸಿಕೊಂಡಿದ್ದವರು. ಪುಣೆಯ ಈ ನಮ್ಮ ಭೋಸರಿಯ ಕಾರಖಾನೆಗಳಿಂದ ಪಂಪಿನ ಭಾಗಗಳನ್ನು ಹೇರಿಕೊಂಡು ಹೈದರಾಬಾದಿಗೆ ಹೋಗುವುದು, ಅಲ್ಲಿ ಸಿಕ್ಕಿದ ಮಾಲು ಹೇರಿಕೊಂಡು ತಿರುಗಿ ಬರುವುದು. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗುವುದು. ಅವತ್ತು ಹುಮನಾಬಾದಿನಲ್ಲಿ ಊಟ ಮಾಡಿ ಕಾಶಪ್ಪಣ್ಣ ಮಲಗಿದ. ಇವರು ದಾರಿಯುದ್ದಕ್ಕೂ ಅವನೊಡನೆ ಮಾತಾಡುತ್ತ ಬಂದರು. ಟಾಯರಿನ ಮಾತು, ಮಗಳ ಮಾತು, ಊರಿನ ತೊಗರಿಯ ಮಾತು. ಉತ್ತರ ಬರದಿದ್ದಾಗ ನಿದ್ದೆ ಹತ್ತಿರಬೇಕು ಅಂದುಕೊಂಡರು. ಸೋಲಾಪುರದಲ್ಲಿ ಚಹಾಕ್ಕೆಂದು ಎಬ್ಬಿಸಲು ಹೋದರೆ ಕೈ ತಣ್ಣಗಿತ್ತು.

ಆವತ್ತಿನಿಂದ ಲಾರಿ ನಿಂತಿದೆ. ಈ ತಿಂಗಳೂ ಹೊರಡದಿದ್ದರೆ ಹೈದರಾಬಾದಿನ ದಾರಿ ಬೇರೆಯವರಿಗೆ ಕೊಡುತ್ತೇವೆ ಎಂದು ಟ್ರಾನ್ಸ್‌ಪೋರ್ಟಿನವರು ಫೋನು ಮಾಡಿದ್ದರು.

ಊಟಕ್ಕೆ ಬಡಿಸುತ್ತ ಅಂದೆ, “ಬ್ಯಾರೆ ಯಾರನ್ನರ ಜೋಡಿ ಕರಕೊಳ್ರಿ.”

“ಆ ಹಲಗಿ ಮ್ಯಾಲೆ ಬ್ಯಾರೆಯವ್ರು ಮಲಗೂದು ಬ್ಯಾಡ.”

“ಹಂಗಾದ್ರ ಒಬ್ರ ಹೋಗ್ರಿ.”

“ಒಬ್ಬನ ಆಗಂಗಿಲ್ಲ. ಹಿಂದ ಯಾರೂ ಇಲ್ಲಂದ್ರ ತಿರುಗಿ ತಿರುಗಿ ನೋಡ್ತೀನಿ. ಗಾಡಿ ಎಲ್ಲಿಗೆ ಹೋಗತದೋ ಗೊತ್ತಾಗಂಗಿಲ್ಲ.”

“ನಾ ಬರ್ತೀನಿ.”

ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. “ನಿನ್ನ ಔಷಧ ಎಲ್ಲಿ ಇಡ್ತಿ? ಈ ಬಿಸಲಾಗ ಕ್ಯಾಬಿನ್ ಅಂದ್ರ ಕಾದ ಹಂಚು.”

ಅದು ನಿಜ. ಹತ್ತೊಂಬತ್ತನೇ ವಯಸ್ಸಿನಿಂದ ಈ ಔಷಧದ ಮೇಲೆ ಬದುಕಿದ್ದೇನೆ. ಯಾರ ಮನೆಗೆ ಹೋಗುವುದಿದ್ದರೂ ಮೊದಲು ಕೇಳುವುದು, ಫ್ರಿಜ್ ಅದ ಏನ್ರಿ? ಫ್ರಿಜ್ ಇಲ್ಲದ ಜಾಗದಲ್ಲಿ ಈವರೆಗೆ ಮಲಗಿಲ್ಲ.

ಏಪ್ರಿಲ್ ೬, ಭಾನುವಾರ

ಬೆಳಗಿನ ಸಕ್ಕರೆ ಪರವಾಗಿಲ್ಲ. ರಾತ್ರಿಯದು ಹೆಚ್ಚು.

ಮಗಳು ಸೋನಾಲಿ ಮಗರಪಟ್ಟಾದ ಒಂದು ಆಫೀಸಿನಲ್ಲಿ ಬಂದವರನ್ನು ಕೂರಿಸುವ, ಒಳಗೆ ಕಳಿಸುವ ಕೆಲಸ ಮಾಡುತ್ತಾಳೆ. ಅಪ್ಪನ ವಿಷಯ, ನನ್ನ ಔಷಧದ ವಿಷಯ ಅಲ್ಲಿ ಯಾರಿಗೋ ಹೇಳಿಕೊಂಡಳಂತೆ. ಬೆಂಗಳೂರಿನ ಹುಡುಗನೊಬ್ಬ ತನ್ನಲ್ಲಿ ಕಾರಿನಲ್ಲಿ ಇಟ್ಟುಕೊಳ್ಳುವ ಸಣ್ಣ ಫ್ರಿಜ್ ಇದೆ, ಒಯ್ಯಿರಿ ಅಂದನಂತೆ. ಇವತ್ತು ತಾಯಿ ಮಗಳು ಇಬ್ಬರೂ ಹೋಗಿ ತಂದೆವು.

ಮಗರಪಟ್ಟಾದ ಬೀದಿಗಳು ಆಗಷ್ಟೇ ಒರೆಸಿಟ್ಟ ಹಾಗಿದ್ದವು. ಎತ್ತರದ ಕಟ್ಟಡದಿಂದ ಆ ಹುಡುಗ ಪೆಟ್ಟಿಗೆ ಹಿಡಿದು ಇಳಿದು ಬಂದ.

“ಹಿಮಾಲಯಕ್ಕೆ ಜೀಪಲ್ಲಿ ಹೋಗ್ಬೇಕು, ಟೆಂಟ್ ಹಾಕ್ಬೇಕು ಅಂತ ತಗೊಂಡಿದ್ದೆ ಆಂಟಿ. ಹೋಗೋಕೇ ಆಗ್ಲಿಲ್ಲ. ಬಾಲ್ಕನೀಲಿ ಧೂಳು ತಿಂತಾ ಕೂತಿದೆ. ನೀವಾದ್ರೂ ಸುತ್ತಾಡ್ಸಿ ಇದನ್ನ.”

ಮುಚ್ಚಳ ತೆಗೆದು, ವೈರನ್ನು ಅವನ ಕಾರಿಗೆ ಚುಚ್ಚಿ ತೋರಿಸಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಣ್ಣನೆಯ ಉಸಿರು ಬಂತು. ಒಳಗೆ ಏನೂ ಇರಲಿಲ್ಲ, ಬರೀ ತಂಪು. ಅದರಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದೆ. ಸೋನಾಲಿ ಮೊಣಕೈ ತಿವಿದಾಗ ತೆಗೆದೆ.

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ನಡೆಯಲು ಕಲಿತ ಕೂಸಿನಷ್ಟು ಭಾರ. ಸ್ವಾರಗೇಟದಲ್ಲಿ ಹತ್ತಿದ ಒಬ್ಬ ಮುದುಕಿ ಪಕ್ಕದಲ್ಲಿ ಕೂತು, “ಯಾತ ಕಾಯ ಆಹೆ ಗ, ಬಾಯಿ?” ಎಂದು ಮರಾಠಿಯಲ್ಲಿ ಕೇಳಿದಳು, ಇದರೊಳಗೆ ಏನಿದೆ ಅಂತ. “ಥಂಡಿ” ಅಂದೆ. ಮುದುಕಿ ತಲೆಯಾಡಿಸಿ ಪೆಟ್ಟಿಗೆಯ ಮೇಲೊಮ್ಮೆ ಕೈಯಾಡಿಸಿದಳು.

ಏಪ್ರಿಲ್ ೮, ಮಂಗಳವಾರ

ಸಕ್ಕರೆ ಹೆಚ್ಚು. ತಲೆಭಾರ.

ನಿನ್ನೆ ಸಂಜೆ ಪರೀಕ್ಷೆಗೆಂದು ಪೆಟ್ಟಿಗೆಯನ್ನು ಲಾರಿಯಲ್ಲಿಟ್ಟು, ಸಿಗರೇಟು ಹಚ್ಚುವ ಜಾಗದಲ್ಲಿ ವೈರು ಚುಚ್ಚಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಪೆಟ್ಟಿಗೆ ಸುಮ್ಮನಾಗಿತ್ತು. ಇವರು ಕೀಲಿ ತಿರುವಿದರು. ಲಾರಿ ಒಮ್ಮೆ ಕೆಮ್ಮಿ ಅದೂ ಸುಮ್ಮನಾಯಿತು. ಬ್ಯಾಟರಿ ಪೂರಾ ಖಾಲಿ.

ಇವರ ಮುಖದಲ್ಲಿ ಒಂದು ನಿರಾಳ ಬಂತು. ಶಾಲೆಗೆ ರಜೆ ಎಂದು ಗೊತ್ತಾದ ಮಕ್ಕಳಿಗೆ ಬರುವಂಥದು. “ಬಿಡು, ಆಗಂಗಿಲ್ಲ ಇದು” ಅಂದರು.

ಆ ನಿರಾಳ ನೋಡಿ ನನಗೆ ಹೆದರಿಕೆಯಾಯಿತು.

ಏಪ್ರಿಲ್ ೧೦, ಗುರುವಾರ

ಬೆಳಗಿನ ಸಕ್ಕರೆ ಸರಿಯಿತ್ತು.

ಇವರನ್ನು ಕೇಳದೆ ಜೈಭೀಮನನ್ನು ಕರೆಸಿದೆ. ಇಲ್ಲೇ ಮೂಲೆಯಲ್ಲಿ ಅವನ ಅಂಗಡಿ, ಗಾಡಿಗಳ ವೈರಿನ ಕೆಲಸ. ಅವನೂ ನಮ್ಮ ಕಡೆಯವನೇ. ಬಾಯಿಗೆ ಬಿಡುವೇ ಇಲ್ಲ.

“ಅಕ್ಕಾ, ಅದು ಸಿಗರೇಟ ಹಚ್ಚೋ ತೂತು. ಸಂಸಾರ ನಡಸೋ ತೂತಲ್ಲ” ಎಂದು ನಕ್ಕ. “ಇದ್ದ ಒಂದ ಬ್ಯಾಟರಿ ಮ್ಯಾಲೆ ಇಬ್ರು ಉಣ್ಣಾಕ ಕುಂತ್ರ ಹ್ಯಾಂಗ? ಹದಿನಾಲ್ಕಕ್ಕ ನಮ್ಮ ಜಯಂತಿ ಮೆರವಣಿಗಿ ಅದ. ಅದರೊಳಗ ಮುಗಿಸಿ ಕೊಡ್ತೀನಿ.”

ಸೀಟಿನ ಕೆಳಗೆ ಇನ್ನೊಂದು ಬ್ಯಾಟರಿ ಕೂರಿಸಿದ. ಹಳೆಯ ಬ್ಯಾಟರಿಗೂ ಇದಕ್ಕೂ ನಡುವೆ ಒಂದು ಕಪ್ಪು ಡಬ್ಬಿ. ಹೆಬ್ಬೆರಳು ದಪ್ಪದ ವೈರು ಎಳೆದ. ಎಂಜಿನ್ ಓಡುವಾಗ ಎರಡೂ ಬ್ಯಾಟರಿ ತುಂಬಿಕೊಳ್ಳುತ್ತವೆ. ಎಂಜಿನ್ ನಿಂತ ಕೂಡಲೇ ನಡುವಿನ ಬಾಗಿಲು ಮುಚ್ಚಿದ ಹಾಗೆ. ಪೆಟ್ಟಿಗೆ ತನ್ನ ಪಾಲಿನದನ್ನಷ್ಟೇ ತಿನ್ನುತ್ತದೆ, ಲಾರಿಯದು ಲಾರಿಗೆ ಉಳಿಯುತ್ತದೆ. ಹೀಗೆಂದು ಅವನು ಹೇಳಿದ್ದು ನನಗೆ ಮೊದಲ ಸಲಕ್ಕೇ ತಿಳಿಯಿತು.

ಇವರು ದೂರ ನಿಂತು ನೋಡುತ್ತಿದ್ದರು. ಪೆಟ್ಟಿಗೆಯನ್ನು ಎಲ್ಲಿ ಕೂರಿಸುವುದೆಂಬ ಮಾತು ಬಂತು. ಕಾಲ ಬಳಿ ಜಾಗವಿಲ್ಲ, ಹಿಂದೆ ಮಾಲಿನ ಜೊತೆ ಇಟ್ಟರೆ ಬಿಸಿಲು. ಉಳಿದದ್ದು ಹಲಗೆ. ಕಾಶಪ್ಪಣ್ಣನ ಚಾದರ ಇನ್ನೂ ಅಲ್ಲೇ ಮಡಿಸಿಟ್ಟ ಹಾಗೆ ಇತ್ತು. ಜೈಭೀಮ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ.

ಇವರು ಬಂದು ಪೆಟ್ಟಿಗೆಯನ್ನು ಎತ್ತಿ ಚಾದರದ ಮೇಲೇ ಇಟ್ಟು, ಹಗ್ಗದಿಂದ ಹಲಗೆಗೆ ಕಟ್ಟಿದರು. “ಮ್ಯಾಲಿಂದ ಒಂದು ಬಟ್ಟಿ ಹೊಚ್ಚು. ಬಿಸಲು ಬೀಳತದ” ಎಂದು ಹೇಳಿ ಇಳಿದು ಹೋದರು.

ಏಪ್ರಿಲ್ ೧೬, ಬುಧವಾರ. ಸೋಲಾಪುರ

ಸಕ್ಕರೆ ಬೆಳಿಗ್ಗೆ ಸರಿ, ಮಧ್ಯಾಹ್ನ ಕಡಿಮೆಯಾಗಿ ಕೈ ನಡುಗಿತು. ಬೆಲ್ಲ ತಿಂದೆ. ಔಷಧ ತಂಪಾಗಿದೆ, ಮೂರು ಸಲ ಮುಟ್ಟಿ ನೋಡಿದೆ.

ಹೊರಟೆವು. ಸೋನಾಲಿ ಲಾರಿಗೆ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟಳು.

ಲಾರಿಯಿಂದ ನೋಡಿದರೆ ಲೋಕ ಕೆಳಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕಾಂಪೌಂಡಿನ ಆಚೆ ಕಾಣುತ್ತದೆ. ಯಾರೋ ಹಿತ್ತಲಲ್ಲಿ ತಲೆ ಬಾಚುತ್ತಿದ್ದರು. ಒಂದು ಮನೆಯ ಮಾಳಿಗೆ ತುಂಬ ಹಪ್ಪಳ. ಪುಣೆ ಮುಗಿಯುವ ತನಕ ಇವರು ರಸ್ತೆಯಿಂದ ಕಣ್ಣು ಕೀಳಲಿಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಮಾತಾಡಿದೆ.

ಹಿಂದೆ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಯವತ್ ದಾಟಿದ ಮೇಲೆ ಆ ಸದ್ದು ತಟ್ಟನೆ ನಿಂತಿತು. ಇವರು ಬ್ರೇಕು ತುಳಿದರು. ಹಿಂದಿನ ಗಾಡಿಯವ ಹಾರ್ನು ಹೊಡೆದು ಬೈದುಕೊಂಡು ಹೋದ. ಇವರ ಕುತ್ತಿಗೆ ಬೆವರಿತ್ತು.

“ಏನಾತು? ಯಾಕ ಸುಮ್ನಾತು ಅದು?”

“ಒಳಗ ತಂಪಾಗ್ಯಾದ್ರಿ. ಸಾಕಂತ ಬಂದ್ ಆಗ್ಯಾದ. ಬೆಚ್ಚಗಾದ್ರ ಮತ್ತ ಚಾಲೂ ಆಗತದ.”

“ಮತ್ತ ಆಗತದ?”

“ಆಗತದ.”

ರಸ್ತೆಯ ಬದಿಗೆ ನಿಂತು ಕಾದೆವು. ಸದ್ದು ಮತ್ತೆ ಬಂತು. ಇವರು ಗೇರು ಹಾಕಿದರು. ದಾರಿಯುದ್ದಕ್ಕೂ ಹೀಗೇ ಆಯಿತು, ಸದ್ದು ನಿಂತಾಗೆಲ್ಲ ವೇಗ ಇಳಿಯುತ್ತಿತ್ತು. ಆಗ ನಾನು ದನಿ ಎತ್ತರಿಸಿ ಮಾತಾಡುತ್ತಿದ್ದೆ.

ಭಿಗವಣದ ಹತ್ತಿರ ಹಿನ್ನೀರು ಕಂಡಿತು. ನೀರಿನ ಆಚೆ ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆ. ಯಾರೋ ಸೀರೆ ಒಣಹಾಕಿದ್ದಾರೆ ಅಂದುಕೊಂಡೆ. ಆಮೇಲೆ ಆ ಸೀರೆ ಎದ್ದು ಹಾರಿತು. ಅವೆಲ್ಲ ಹಕ್ಕಿಗಳು. “ಪ್ರತಿ ವರ್ಷ ಬರ್ತಾವ” ಅಂದರು ಇವರು. ಇಷ್ಟು ವರ್ಷ ಇದನ್ನು ನೋಡಿಕೊಂಡು ಓಡಾಡಿದ್ದಾರೆ, ಮನೆಗೆ ಬಂದು ಒಮ್ಮೆಯೂ ಹೇಳಿಲ್ಲ.

ಏಪ್ರಿಲ್ ೧೮, ಶುಕ್ರವಾರ. ದಾರಿಯಲ್ಲಿ

ಸಕ್ಕರೆ ಸರಿ.

ಹೈದರಾಬಾದಿನಲ್ಲಿ ಮಾಲು ಇಳಿಯಿತು. ಮಧ್ಯಾಹ್ನ ಸೀಟಿನಲ್ಲೇ ಕಣ್ಣು ಮುಚ್ಚಿತ್ತು. ಕನಸಿನಲ್ಲಿ ಲಾರಿ ನೀರಿನ ಮೇಲೆ ಹೋಗುತ್ತಿತ್ತು. ಇವರು ನಿದ್ದೆ ಮಾಡುವುದಿಲ್ಲ. ಗಾಡಿ ನಿಂತಾಗಲೂ ನೆಟ್ಟಗೆ ಕೂತಿರುತ್ತಾರೆ.

ಏಪ್ರಿಲ್ ೨೯, ಮಂಗಳವಾರ. ನಳದುರ್ಗದ ಹತ್ತಿರ

ಇದು ಮೂರನೆಯ ಸಲ. ಕರಿಕಲ್ಲಿನ ಬಯಲು ಬಿಸಿಲಿಗೆ ಕರಗಿ ಹರಿಯುತ್ತದೆ. ದೂರದಲ್ಲಿ ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಇನ್ನಷ್ಟು ದೂರ ಸರಿದು ಕಾಯುತ್ತದೆ. ಎದುರಿಂದ ಬರುವ ಲಾರಿಗಳಿಗೆ ಮೊದಲು ತಲೆ ಹುಟ್ಟುತ್ತದೆ, ಆಮೇಲೆ ಗಾಲಿ. ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಒಂದೊಂದು ಊರಿಗೆ ಒಂದೊಂದು ವಾಸನೆ. ಟೆಂಭುರ್ಣಿಗೆ ಕಬ್ಬಿನ ಹಾಲು ಕಾಯಿಸಿದ ವಾಸನೆ. ಉಮರ್ಗಾದಲ್ಲಿ ಮೆಣಸಿನಕಾಯಿ ಕುಟ್ಟುತ್ತಾರೆ, ಇಬ್ಬರೂ ಸೀನುತ್ತೇವೆ. ಹುಮನಾಬಾದಿನಲ್ಲಿ ಇವರು ನಿಲ್ಲಿಸುವುದಿಲ್ಲ. ಅದನ್ನು ದಾಟುವ ತನಕ ನಾನು ಹಾಡು ಹೇಳುತ್ತೇನೆ, ಬೀಸುವ ಕಲ್ಲಿನ ಹಾಡು, ನಮ್ಮವ್ವ ಹೇಳುತ್ತಿದ್ದದ್ದು. ಇವತ್ತು ಇವರು ಕೊನೆಯ ಸೊಲ್ಲಿಗೆ ದನಿಗೂಡಿಸಿದರು. ಸ್ವರ ಎಲ್ಲೋ, ಇವರೆಲ್ಲೋ.

ಪೆಟ್ಟಿಗೆಯಲ್ಲಿ ಈಗ ಮಜ್ಜಿಗೆ, ಸೌತೆಕಾಯಿ, ಮೊಸರನ್ನದ ಡಬ್ಬಿ. ಒಂದು ಮೂಲೆಯಲ್ಲಿ ಔಷಧ. ಢಾಬಾದಲ್ಲಿ ಬೇರೆ ಡ್ರೈವರುಗಳು ನೀರಿನ ಬಾಟಲಿ ಹಿಡಿದು ಬರುತ್ತಾರೆ, “ವಹಿನಿ, ಇಷ್ಟು ಇಟ್ಟಕೊಳ್ರಿ, ಚಹಾ ಕುಡದು ಬರ್ತೀವಿ.” ನಾನು ಇಡುತ್ತೇನೆ. ತಣ್ಣೀರು ಗಂಟಲಲ್ಲಿ ಇಳಿಯುವಾಗ ಗಂಡಸರು ಕಣ್ಣು ಮುಚ್ಚುವುದನ್ನು ನೋಡಬೇಕು.

ರಸ್ತೆ ಖಾಲಿಯಿದ್ದ ಕಡೆ ಇವರು ಗೇರು ಯಾವಾಗ ಬದಲಿಸಬೇಕೆಂದು ತೋರಿಸಿದರು. “ಕಣ್ಣಿಂದಲ್ಲ, ಕಿವಿಯಿಂದ ಕೇಳು. ಎಂಜಿನ್ ಬ್ಯಾಡ ಅನ್ನತದ, ಆಗ ಬದಲಸು.” ಇವರು ಕ್ಲಚ್ ಒತ್ತಿದಾಗ ನಾನು ಪಕ್ಕದಿಂದ ಗೇರು ಹಾಕಿದೆ. ಸರಿಯಾಗಿ ಕೂತಿತು. ಅಂಗೈಯಲ್ಲಿ ಆ ಕಂಪನ ಸಂಜೆಯ ತನಕ ಇತ್ತು.

ಮೇ ೫, ಸೋಮವಾರ. ಹೈದರಾಬಾದು

ಗೋದಾಮಿನ ಅಂಗಳ. ಮಾಲು ಇಳಿಯಲು ಹೊತ್ತಿದೆ ಅಂದರು. ಬಟ್ಟೆ ಒಗೆದು, ಬೇವಿನ ನೆರಳಲ್ಲಿ ಮಧ್ಯಾಹ್ನವೆಲ್ಲ ಮಲಗಿದೆ. ಇಷ್ಟು ಚಂದದ ನಿದ್ದೆ ಯಾವ ಊರಲ್ಲೂ ಬಂದಿಲ್ಲ. ಎದ್ದಾಗ ಇವರು ಲೋಟ ಹಿಡಿದು ನಿಂತಿದ್ದರು. ಮಜ್ಜಿಗೆ, ಅದರ ಮೇಲೆ ಹಿಮದ ಹರಳು ತೇಲುತ್ತಿತ್ತು.

“ಐಸ್ ಎಲ್ಲಿ ಸಿಕ್ತ್ರಿ?”

“ಸಿಕ್ತು” ಎಂದು ನಕ್ಕರು. ಎಷ್ಟು ದಿನವಾಗಿತ್ತು ಆ ನಗು ನೋಡಿ. ಹರಳನ್ನು ಹಲ್ಲಿನಿಂದ ಕಡಿದು ತಿಂದೆ.

ಸಂಜೆ ಚುಚ್ಚಿಕೊಂಡು, ಅಂಗಳದಲ್ಲೇ ಅಡುಗೆ ಮಾಡಿದೆ. ನಾಳೆ ಬೆಳಿಗ್ಗೆ ವಾಪಸು.

ಮೇ ೮, ಗುರುವಾರ. ಸೋಲಾಪುರ, ಆಸ್ಪತ್ರೆ

ಇವತ್ತು ಪೆನ್ನು ಹಿಡಿಯಲು ಬರುತ್ತಿದೆ. ನೆನಪಿದ್ದಷ್ಟು ಬರೆಯುತ್ತೇನೆ. ಯಾವುದು ಆದದ್ದು, ಯಾವುದು ಕಂಡದ್ದು ಎಂದು ಬೇರೆ ಮಾಡಲು ನನಗೆ ಆಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಹೊರಟಾಗಲೇ ಬಾಯಾರಿಕೆ. ಹಿಂದಿನ ಸಂಜೆ ಚುಚ್ಚಿಕೊಂಡಿದ್ದೆ, ಬೆಳಿಗ್ಗೆಯೂ. ಬಿಸಿಲು ಬಡಿದಿದೆ ಅಂದುಕೊಂಡು ನೀರು ಕುಡಿದೆ. ಎಷ್ಟು ಕುಡಿದರೂ ನಾಲಿಗೆ ಹಲಗೆಯ ಹಾಗೆ. ಜಹೀರಾಬಾದು ದಾಟಿದ ಮೇಲೆ ವಾಂತಿ. ಸಕ್ಕರೆ ನೋಡುವ ಯಂತ್ರ ಅಂಕಿ ತೋರಿಸಲಿಲ್ಲ, ಅಳತೆಗೆ ಮೀರಿದೆ ಎಂದು ಅಕ್ಷರ ತೋರಿಸಿತು. ಮತ್ತೆ ಚುಚ್ಚಿಕೊಂಡೆ. ಒಂದು ಊರು ಹೋಯಿತು, ಇನ್ನೊಂದು ಹೋಯಿತು. ಯಂತ್ರ ಮತ್ತೆ ಅದೇ ಅಕ್ಷರ ತೋರಿಸಿತು.

“ಔಷಧ ಸತ್ತದ್ರಿ” ಅಂದೆ.

ದಾರಿಯಲ್ಲಿ ಸಿಕ್ಕ ಮೊದಲ ಔಷಧದ ಅಂಗಡಿಯಲ್ಲಿ ಇನ್ಸುಲಿನ್ ಇರಲಿಲ್ಲ. ಮುಂದಿನ ಊರಿನ ಡಾಕ್ಟರು ನನ್ನ ಉಸಿರು ನೋಡಿ, ಇಲ್ಲಿ ಆಗುವುದಿಲ್ಲ, ಸೋಲಾಪುರಕ್ಕೆ ಒಯ್ಯಿರಿ, ಬೇಗ ಒಯ್ಯಿರಿ ಎಂದರು. ಅಷ್ಟರಲ್ಲಿ ನನಗೆ ಕೂರಲು ಆಗುತ್ತಿರಲಿಲ್ಲ. ಇವರು ಹಗ್ಗ ಬಿಚ್ಚಿ, ಪೆಟ್ಟಿಗೆಯನ್ನು ಮುಂದಿನ ಸೀಟಿಗೆ ಇಳಿಸಿದರು. ನನ್ನನ್ನು ಎತ್ತಿ ಹಲಗೆಯ ಮೇಲೆ ಮಲಗಿಸಿದರು.

ಮಲಗಿಸಿ ಒಂದು ಗಳಿಗೆ ಕೈ ಬಿಡದೆ ನಿಂತಿದ್ದರು. ಆಮೇಲೆ ಬಾಗಿಲು ಹಾಕಿದ ಸದ್ದು ಕೇಳಿತು.

“ಶಿವಗಂಗಾ.”

ಮದುವೆಯಾದಾಗಿನಿಂದ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಮೊದಲು ಏ ಅನ್ನುತ್ತಿದ್ದರು, ಆಮೇಲೆ ಸೋನಾಲಿ ಅವ್ವಾ ಆಯಿತು.

“ಹೂಂ” ಅಂದೆ.

ಲಾರಿ ಓಡುತ್ತಿತ್ತು. ಬೆನ್ನ ಕೆಳಗೆ ರಸ್ತೆ ಹೊಳೆಯ ಹಾಗೆ ಹರಿಯುತ್ತಿತ್ತು. ಕಿಟಕಿಯಲ್ಲಿ ಬರೀ ಆಕಾಶ, ಅದೂ ಹಾಲಿನಂತೆ ಬೆಳ್ಳಗೆ. ನನ್ನ ಉಸಿರು ನನ್ನದಲ್ಲ ಅನ್ನಿಸುತ್ತಿತ್ತು, ಯಾರೋ ದೊಡ್ಡ ಪ್ರಾಣಿ ಪಕ್ಕದಲ್ಲಿ ಮಲಗಿ ಏದುತ್ತಿರುವ ಹಾಗೆ.

“ಶಿವಗಂಗಾ, ನಳದುರ್ಗ ಬಂತು. ಕ್ವಾಟಿ ಬುರುಜು ಕಾಣತದ.”

“ಹೂಂ.”

ಆಗ ಕಾಲ ಬಳಿ ಕಾಶಪ್ಪಣ್ಣ ಕೂತಿದ್ದ. ಎಂದಿನ ಖಾಕಿ ಅಂಗಿ, ಕೊರಳಲ್ಲಿ ಟವೆಲು. ಹೆದರಿಕೆ ಆಗಲಿಲ್ಲ. “ಚಾದರ ಬೆಚ್ಚಗ ಅದ ಏನವಾ?” ಎಂದು ಕೇಳಿದ. “ಅದ” ಅಂದೆ. “ಅಂವ ಕರದಾಗ ಓ ಅನ್ನು. ನನಗ ಆಗಲಿಲ್ಲ ಅವತ್ತ” ಅಂದ. ಅವನು ಇದ್ದಷ್ಟು ಹೊತ್ತು ತಂಪಾಗಿತ್ತು. ಆಮೇಲೆ ಅವನ ಹಿಂದೆ ಆ ಗುಲಾಬಿ ಹಕ್ಕಿಗಳು ಎದ್ದವು. ಆಕಾಶವೆಲ್ಲ ಅವೇ. ಇವರು ಕರೆಯುತ್ತಿದ್ದರು, ನನಗೆ ಕೇಳುತ್ತಿತ್ತು. ಆದರೆ ಹೂಂ ಅನ್ನುವುದು ಭಾಳ ದೂರದ ಊರಿನಲ್ಲಿತ್ತು, ಅಲ್ಲಿಗೆ ಹೋಗಿ ತರಲು ಆಗಲಿಲ್ಲ.

“ಶಿವಗಂಗಾ.”

“ಶಿವಗಂಗಾ.”

ಲಾರಿ ನಿಲ್ಲುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ಎಂಜಿನ್ನಿನ ದನಿ ಏರಿತು, ಗೇರು ಬದಲಾಯಿತು, ಇನ್ನೂ ಏರಿತು. ನನಗೆ ಗೊತ್ತಿರುವುದು ಅಲ್ಲಿಗೆ ಮುಗಿಯಿತು.

ಕಣ್ಣು ಬಿಟ್ಟಾಗ ಕೈಗೆ ನಳಿಗೆ, ಮೇಲೆ ಪಂಖ. ಇವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.

ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಆಮೇಲೆ ಕರಗಿ ನೀರಿನ ಹಾಗೆ ಕಂಡರೂ ಕೆಲಸಕ್ಕೆ ಬರುವುದಿಲ್ಲ ಎಂದು ಇಲ್ಲಿನ ಡಾಕ್ಟರು ಇವರಿಗೆ ಹೇಳಿದ್ದಾರೆ. ಅದು ನನಗೆ ಮೊದಲೇ ಗೊತ್ತಿತ್ತು. ಇವರಿಗೆ ಗೊತ್ತಿರಲಿಲ್ಲ.

“ನಾನ ಪೆಟಗಿ ತಂಪು ಹೆಚ್ಚು ಮಾಡೋ ಗುಂಡಿ ಒತ್ತಿದ್ದೆ” ಅಂದರು. “ನೀ ಮಲಗಿದ್ದಿ. ಮಜ್ಜಿಗ್ಯಾಗ ಐಸ್ ಆಗಲಿ ಅಂತ. ಆಮ್ಯಾಲೆ ಮೊದಲಿನಂಗ ಮಾಡಿ ಇಟ್ಟೆ.”

ಸ್ಟೂಲಿನ ಮೇಲೆ ಇವರು ಎಷ್ಟು ಸಣ್ಣಗೆ ಕಾಣುತ್ತಿದ್ದರು. “ಭಾಳ ಬಿಸಲಿತ್ತಲ್ರಿ” ಅಂದೆ. “ಮಜ್ಜಿಗಿ ಚಂದಿತ್ತು.”

ಆಮೇಲೆ ಕೇಳಿದೆ, “ನಾ ಓ ಅನ್ನಲಿಲ್ಲ. ಹಿಂದ ತಿರುಗಿ ನೋಡಿದ್ರೇನು?”

“ಇಲ್ಲ. ನೋಡಿದ್ರ ನಿಂತಬಿಡ್ತಿದ್ದೆ.” ನನ್ನ ಹೊದಿಕೆ ಸರಿ ಮಾಡುತ್ತ ಅಂದರು, “ನೀ ಇದ್ರೂ ಮುಟ್ಟಸಬೇಕು, ಇಲ್ಲದಿದ್ರೂ ಮುಟ್ಟಸಬೇಕು. ಗಾಡಿ ಹೊಡದೆ.”

ಮೇ ೧೫, ಗುರುವಾರ. ಭೋಸರಿ

ಮನೆ. ಸೋನಾಲಿ ಪಾಳಿ ಬದಲಿಸಿಕೊಂಡು ಜೊತೆಗೇ ಇದ್ದಾಳೆ. ಅನ್ನ ಬಸಿಯಲೂ ಬಿಡುವುದಿಲ್ಲ. ಜೈಭೀಮ ಬಂದು ಪೆಟ್ಟಿಗೆಯ ಗುಂಡಿಗಳ ಮೇಲೆ ತಗಡಿನ ಮುಚ್ಚಳ ಹಾಕಿ ಕೊಟ್ಟು ಹೋದ. “ಮಾಮಾಗ ಇನ್ನ ಮ್ಯಾಲೆ ಕೈ ಹಾಕಾಕ ಬರಂಗಿಲ್ಲ” ಅಂದ. ಇವರು ತಲೆ ತಗ್ಗಿಸಿ ನಕ್ಕರು.

ಮೇ ೨೬, ಸೋಮವಾರ

ಈ ವರ್ಷ ಮಳೆ ಮೊದಲೇ ಬಂತು. ಎಲ್ಲರೂ ಅದೇ ಮಾತು.

ಇವರು ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದರು. “ಮಾಲು ತುಂಬ್ಯಾದ. ನೀ ಮನ್ಯಾಗ ಇರು, ಆರಾಮ ತಗೋ. ನಾ ಒಬ್ಬನ ಹೋಗಿ ಬರ್ತೀನಿ.”

“ಒಬ್ಬರ?”

“ಒಬ್ಬನ. ಆಗತದ ಈಗ.”

ಇದೇ ಮಾತು ಕೇಳಬೇಕೆಂದಲ್ಲವೇ ನಾನು ಲಾರಿ ಹತ್ತಿದ್ದು. ಬುತ್ತಿ ಕಟ್ಟಿ ಕೊಟ್ಟೆ. ಮಳೆಯಲ್ಲಿ ಲಾರಿಯ ಹಿಂದಿನ ಕೆಂಪು ದೀಪ ತಿರುವಿನ ತನಕ ಕಂಡಿತು. ಒಳಗೆ ಬಂದು ಕೂತೆ. ಮನೆ ಅಲುಗಾಡುತ್ತಿರಲಿಲ್ಲ.

ಮೇ ೨೮, ಬುಧವಾರ

ರೊಟ್ಟಿ ಯಾವುದೂ ಸರಿಯಾಗಿ ಉಬ್ಬುತ್ತಿಲ್ಲ. ಹಿಟ್ಟಿನದೇ ದೋಷ.

ಸೋನಾಲಿ ಡ್ಯೂಟಿಗೆ ಹೋದ ಮೇಲೆ ಹೆದ್ದಾರಿಯ ತನಕ ನಡೆದು ಹೋಗಿ ನಿಂತಿದ್ದೆ. ನಾಶಿಕದ ಕಡೆಯ ಲಾರಿಗಳು ಮಳೆ ನೀರು ಚಿಮ್ಮಿಸಿಕೊಂಡು ಹೋಗುತ್ತಿದ್ದವು. ಒಬ್ಬ ಡ್ರೈವರು ಏರಿನಲ್ಲಿ ತಡವಾಗಿ ಗೇರು ಬದಲಿಸಿದ. ಎಂಜಿನ್ ಎಷ್ಟು ಅರಚಿಕೊಂಡಿತು. ನನಗೇ ಸಂಕಟವಾಯಿತು. ಸೀರೆ ಪೂರಾ ತೋಯ್ದಿತ್ತು.

ಜೂನ್ ೬, ಶುಕ್ರವಾರ

ಸೋನಾಲಿಗೆ ಸ್ಕೂಟರಿನ ಲೈಸೆನ್ಸು ಮಾಡಿಸುವುದಿತ್ತು. ಜೊತೆಗೆ ಮೋಶಿಯ ಆರ್‌ಟಿಓ ಆಫೀಸಿಗೆ ಹೋಗಿದ್ದೆ. ಸಾಲಿನಲ್ಲಿ ನಿಂತಾಗ ಅವಳೇ ಕೇಳಿದಳು, “ಅವ್ವಾ, ನೀ ಸುಮ್ನ ಯಾಕ ನಿಂತಿ? ನಿಂದೂ ಅರ್ಜಿ ಕೊಡೂಣು?” ಸುಮ್ಮನೆ ನಿಲ್ಲುವುದಕ್ಕಿಂತ ಒಳ್ಳೆಯದು ಎಂದು ಹೂಂ ಅಂದೆ. ಕಾಗದಪತ್ರಗಳೆಲ್ಲ ಅವಳ ಚೀಲದಲ್ಲಿ ತಯಾರಾಗಿ ಇದ್ದವು. ಹೇಗೆ ಇದ್ದವೋ.

ಕಂಪ್ಯೂಟರಿನ ಎದುರು ಕೂರಿಸಿ ರಸ್ತೆಯ ಫಲಕಗಳ ಅರ್ಥ ಕೇಳಿದರು. ಇಕ್ಕಟ್ಟಾದ ಸೇತುವೆ, ಎಡಕ್ಕೆ ತಿರುವು, ದನಗಳು ಅಡ್ಡ ಬರಬಹುದು. ಒಂದೊಂದು ಫಲಕ ಬಂದಾಗಲೂ ಅದು ಯಾವ ಊರ ಹತ್ತಿರ ನಿಂತಿದೆ ಎಂದು ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿ ಕೂತಿದ್ದ ಸಾಹೇಬರು ಮರಾಠಿಯಲ್ಲಿ, “ತಾಯಿ, ಪಾಸ್” ಎಂದರು.

ಇವರಿಗೆ ಇನ್ನೂ ಹೇಳಿಲ್ಲ. ಹೇಳುವಂಥದ್ದೇನಲ್ಲ.

ಜೂನ್ ೧೧, ಬುಧವಾರ

ಇವರಿಗೆ ಸೋನಾಲಿಯೇ ಹೇಳಿಬಿಟ್ಟಳು. ಇವರು ಊಟ ಮುಗಿಸಿ ಕೈ ತೊಳೆದುಕೊಂಡರು. ಆಮೇಲೆ, “ರವಿವಾರ ಮಾಲು ಇಲ್ಲ” ಅಂದರು.

ಜೂನ್ ೧೫, ಭಾನುವಾರ

ಮೋಶಿಯ ಆಚೆ ಒಂದು ದೊಡ್ಡ ಬಯಲಿದೆ, ಮೂವರೂ ಹೋದೆವು. ಮಳೆ ನಿಂತು ಮೋಡದ ಬೆಳಕು ಇತ್ತು, ಎಲ್ಲೂ ನೆರಳಿಲ್ಲದ ಬೆಳಕು. ನೆಲದ ಮೇಲೆಲ್ಲ ಹುಲ್ಲಿನ ಹಸಿರು ಹೊಗೆಯಾಡುತ್ತಿತ್ತು.

ಇವರು ಇಳಿದು ಸುತ್ತು ಹಾಕಿ ಬಂದು ನನ್ನ ಜಾಗದಲ್ಲಿ ಕೂತರು. ನಾನು ಇವರ ಜಾಗದಲ್ಲಿ. ಸೀಟು ಮುಂದಕ್ಕೆ ಎಳೆದುಕೊಟ್ಟರು, ಬೆನ್ನಿಗೆ ದಿಂಬು ಇಟ್ಟರು.

“ಅವಸರ ಬ್ಯಾಡ. ಕ್ಲಚ್ ಮೆಲ್ಲಕ ಬಿಡು. ಕೂಸಿನ ತೊಟ್ಟಲದಿಂದ ಕೈ ತಗೀತಿ ನೋಡು, ಹಂಗ.”

ಮೊದಲು ಎರಡು ಸಲ ಬಂದ್ ಬಿತ್ತು. ಮೂರನೆಯ ಸಲ ಲಾರಿ ಹೊರಟಿತು. ಅದು ಹೊರಟಿದ್ದೋ, ಬಯಲು ಹಿಂದಕ್ಕೆ ಸರಿದಿದ್ದೋ ತಿಳಿಯಲಿಲ್ಲ. ಮೊದಲ ಗೇರು, ಎರಡನೆಯದು. ಬಯಲಿನ ಅಂಚು ಹಿಡಿದು ಒಂದು ಸುತ್ತು ಬಂದೆ. ಇವರು ಎಡಕ್ಕೆ, ಇನ್ನಷ್ಟು ಎಡಕ್ಕೆ ಅನ್ನುತ್ತಿದ್ದರು. ಇನ್ನೊಂದು ಸುತ್ತಿಗೆ ಅನ್ನುವುದು ಕಡಿಮೆಯಾಯಿತು. ಬೆಳ್ಳಕ್ಕಿಗಳು ಗಾಲಿಯ ಮುಂದೆ ಎದ್ದು ಹಿಂದೆ ಹೋಗಿ ಕೂರುತ್ತಿದ್ದವು. ಮತ್ತೊಂದು ಸುತ್ತು. ಮೂರನೆಯ ಗೇರು ಕೇಳೋಣವೆಂದು ಪಕ್ಕಕ್ಕೆ ನೋಡಿದೆ.

ಇವರಿಗೆ ನಿದ್ದೆ ಬಂದಿತ್ತು. ತಲೆ ಕಿಟಕಿಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಕೈಗಳು ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿದ್ದವು. ಲಾರಿಯಲ್ಲಿ ಇವರು ಮಲಗಿದ್ದನ್ನು ನಾನು ನೋಡಿರಲಿಲ್ಲ.

ನಿಲ್ಲಿಸೋಣ ಎಂದುಕೊಂಡೆ. ಆದರೆ ಹೊರಡುವುದನ್ನು ಕಲಿಸಿದ್ದರು, ಜರ್ಕು ಹೊಡೆಯದ ಹಾಗೆ ನಿಲ್ಲಿಸುವುದನ್ನು ಇನ್ನೂ ಕಲಿಸಿರಲಿಲ್ಲ. ಜರ್ಕು ಹೊಡೆದರೆ ಎದ್ದುಬಿಡುತ್ತಾರೆ.

ಅದಕ್ಕೇ ನಿಲ್ಲಿಸಲಿಲ್ಲ. ಹುಲ್ಲಿನಲ್ಲಿ ನನ್ನ ಗಾಲಿಯ ಗುರುತು ಬಿದ್ದಿತ್ತು, ಅದರ ಮೇಲೇ ಹೋದೆ. ಎಂಜಿನ್ ಬೇಡ ಎಂದಿತು. ಗೇರು ಬದಲಿಸಿದೆ. ಹನಿ ಮಳೆ ಬಂತು, ವೈಪರ್ ಎಲ್ಲಿದೆ ಎಂದು ಹುಡುಕಿ ಹಾಕಿದೆ. ಬಯಲಿನ ಆಚೆ ಸೋನಾಲಿ ಛತ್ರಿ ಹಿಡಿದು ನಿಂತು ಸಾಕು ಬಾ ಎಂದು ಕೈ ಬೀಸುತ್ತಿದ್ದಳು. ನಾನೂ ಕೈ ಬೀಸಿ ಅವಳನ್ನು ದಾಟಿ ಹೋದೆ.